ಹತ್ತು ನಿಮಿಷದ ಮೋಸ

ಒಂದೇ ಕಂತು ನೋಡಿ ಮಲಗೋಣ ಅಂತ ‘ಎ-ಟೀನ್’ ಅನ್ನೋ ಕೊರಿಯನ್ ವೆಬ್ ಸರಣಿ ಹಾಕಿದೆ. ಗಡಿಯಾರ ನೋಡಿದರೆ ರಾತ್ರಿ ಒಂದೂವರೆ! ಕಂತು ಬರೀ ಹತ್ತು ನಿಮಿಷದ್ದು ನೋಡಿ, ಅದೇ ಮೋಸ.

ಇದನ್ನು ಮಾಡಿದ್ದು ಕೊರಿಯಾದ ಪ್ಲೇಲಿಸ್ಟ್ ಸ್ಟುಡಿಯೋ. ಅಲ್ಲಿನ ಇಂಟರ್ನೆಟ್ ಕಂಪನಿ ನೇವರ್‌ನ ಬಳಗದಿಂದ 2017ರಲ್ಲಿ ಶುರುವಾಯಿತು. ಟಿವಿ ಚಾನೆಲ್‌ಗೆ ಕಾಯದೆ ಸೀದಾ ಹುಡುಗರ ಮೊಬೈಲಿಗೇ ಬಂತು. ಮೊದಲು ಕಾಲೇಜಿನ ‘ಲವ್ ಪ್ಲೇಲಿಸ್ಟ್’, 2018ರಲ್ಲಿ ಹೈಸ್ಕೂಲಿನ ‘ಎ-ಟೀನ್’. ಶಿನ್ ಯೇ-ಉನ್ ಅನ್ನೋ ನಟಿ ಬೆಳಕಿಗೆ ಬಂದದ್ದೇ ಇದರಿಂದ.

ಕೋಟ್ಯಧಿಪತಿ ಹೀರೋ ಇಲ್ಲ, ಸುಮ್ನೆ ಸ್ನೇಹ, ಮುನಿಸು. ಗೆಳತಿಯರಿಬ್ಬರ ಹೆಸರೂ ಹನಾ. ಒಬ್ಬಳು ದೋ ಹನಾ, ಇನ್ನೊಬ್ಬಳು ಕಿಮ್ ಹನಾ. ನಮ್ಮ ಕ್ಲಾಸಲ್ಲೂ ಕೆ. ಕಾವ್ಯ, ಎಸ್. ಕಾವ್ಯ ಇದ್ದರು ಅಲ್ವಾ? ಹಾಜರಿ ಕೂಗಿದಾಗ ಇಬ್ಬರೂ ಒಟ್ಟಿಗೆ ಏಳೋರು. ಎಸ್. ಕಾವ್ಯ ಈಗ ಎಲ್ಲಿದ್ದಾಳೋ.