ಮಾರಿಕಣಿವೆಯ ದಾರಿಯಲ್ಲಿ ಒಂದು ಹಗ್ಗ

ಚಿತ್ರದುರ್ಗ ಬಿಟ್ಟಾಗಲೇ ಗಾಳಿ ಜೋರಿತ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳು ಒಂದೇ ಸಮ ತಿರುಗುತ್ತಿದ್ದವು. ಬೈಕಿನ ಹಿಂದೆ ಸೋದರಮಾವ. ಹಡಗಿನಲ್ಲಿ ಇಪ್ಪತ್ತು ವರ್ಷ ದುಡಿದು ಬಂದವರು. ಈಗಲೂ ಗಾಳಿ ಎತ್ತ ಬೀಸುತ್ತಿದೆ ಅಂತ ನೋಡದೆ ಹೊಸ್ತಿಲು ದಾಟುವುದಿಲ್ಲ.

ಹಿರಿಯೂರು ದಾಟಿ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ. ವೇದಾವತಿಗೆ ಅಡ್ಡ ಕಟ್ಟಿದ ಈ ಅಣೆಕಟ್ಟು ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ ಒಂದು ತಲೆಮಾರು ಕೋಡಿ ಕಾಣದೆ ಮುದುಕಾಯಿತು.

ಟೀ ಕುಡಿಯಲು ನಿಂತೆವು. ಅಂಗಡಿ ಮುಂದೆ ನೆರಳಿಗೆ ಕಟ್ಟಿದ್ದ ನೀಲಿ ಟಾರ್ಪಾಲಿನ ಒಂದು ಮೂಲೆಯ ಹಗ್ಗ ಬಿಚ್ಚಿಕೊಂಡು ಪಟಪಟ ಬಡಿಯುತ್ತಿತ್ತು. ಮಾವ ಗ್ಲಾಸು ಕೆಳಗಿಟ್ಟು ಅದನ್ನು ಹಿಡಿದರು. ಅಂಗೈಗೆ ಒಂದು ಸುತ್ತು ಹಾಕಿ ಜಗ್ಗಿದರು. ಟಾರ್ಪಾಲು ಉಬ್ಬಿ ಸುಮ್ಮನಾಯಿತು.

“ಇದೇ ನೋಡಪ್ಪ ಶೀಟ್.”

“ಟಾರ್ಪಾಲ್ ಶೀಟ್ ತಾನೇ ಮಾವ?”

“ಅಲ್ಲಪ್ಪ, ಈ ಹಗ್ಗ.”

ನಮಗೆ ಶೀಟ್ ಅಂದರೆ ಬೆಡ್‌ಶೀಟು, ಇಲ್ಲಾ ಮನೆ ಮೇಲಿನ ತಗಡು. ಹಾಯಿದೋಣಿಯ ಶೀಟ್ ಅಂದರೆ ಹಾಯಿಬಟ್ಟೆಯೇ ಅಂತ ನಾನೂ ನಂಬಿದ್ದೆ. ಅದು ಹಾಯಿಯ ಕೆಳಮೂಲೆಗೆ ಕಟ್ಟುವ ಹಗ್ಗ. ಜಗ್ಗಿದರೆ ಹಾಯಿ ಬಿಗಿಯುತ್ತದೆ, ಸಡಿಲ ಬಿಟ್ಟರೆ ಗಾಳಿ ಸೋರಿಹೋಗುತ್ತದೆ. ದೋಣಿ ಜಾಸ್ತಿ ವಾಲಿತೋ, ಮೊದಲು ಇದನ್ನು ಬಿಡಬೇಕು. ಆದರೆ ಶೀಟುಗಳು ಕೈತಪ್ಪಿ ಹಾರಾಡಿದರೆ ಹಡಗು ಓಲಾಡುತ್ತದೆ. ಅದಕ್ಕೇ ಕಂಠಪೂರ್ತಿ ಕುಡಿದವನಿಗೆ ಇಂಗ್ಲಿಷಿನವರು ‘ಮೂರು ಶೀಟು ಗಾಳಿಗೆ ಬಿಟ್ಟವನು’ ಅನ್ನುತ್ತಾರೆ. ಮಾವ ಇದನ್ನು ಹೇಳುವಾಗ ಸ್ವಲ್ಪ ಓಲಾಡಿಯೂ ತೋರಿಸಿದರು.

ಹಗ್ಗಕ್ಕೆ ಈ ಹೆಸರು ಹೇಗೆ ಬಂತು? ಹಳೆಯ ಇಂಗ್ಲಿಷಿನಲ್ಲಿ ‘ಶೇಆತ’ ಅಂದರೆ ಹಾಯಿಯ ಕೆಳಮೂಲೆ. ಮೂಲೆಯ ಹಗ್ಗ, ಮೂಲೆಯ ಹಗ್ಗ ಅನ್ನುತ್ತಾ ಅನ್ನುತ್ತಾ ‘ಹಗ್ಗ’ ಉದುರಿತು, ಮೂಲೆಯ ಹೆಸರೇ ಉಳಿಯಿತು. ಬೆಡ್‌ಶೀಟಿನ ಶೀಟ್ ಇದರ ದಾಯಾದಿ. ಡಚ್ಚರು ಇದೇ ಹಗ್ಗವನ್ನು ‘ಸ್ಖೋಟ್’ ಅನ್ನುತ್ತಾರೆ. ಅವರಲ್ಲಿ ಆ ಪದಕ್ಕೆ ಮಡಿಲು ಅಂತಲೂ ಅರ್ಥ.

“ನಮ್ಮ ಕಡೆ ಉಡಿ ಅಂತಾರಲ್ಲ, ಅದು” ಅಂದರು ಮಾವ. ಎದುರಿಗೆ ಅಂಗಡಿಯಾಕೆ ಸೆರಗಿನ ಮೂಲೆ ಸೊಂಟಕ್ಕೆ ಸಿಕ್ಕಿಸಿ, ಉಡಿಯಲ್ಲಿ ಶೇಂಗಾ ಹಾಕಿಕೊಂಡು ಸುಲಿಯುತ್ತಿದ್ದರು. ಮೂಲೆ ಬಿಟ್ಟರೆ ಶೇಂಗಾವೆಲ್ಲ ನೆಲಕ್ಕೆ.

“ಮಾತು ಆಮೇಲೆ, ಮೊದ್ಲು ಹಗ್ಗ ಕಟ್ರಿ. ಹಾಲಿಗೆ ಧೂಳು ಬೀಳ್ತೈತೆ” ಅಂದರು ಆಕೆ.

ಮಾವ ಕಂಬಕ್ಕೆ ಎರಡು ಸುತ್ತು ಸುತ್ತಿ ಗಂಟು ಹಾಕಿದರು. ಗಾಳಿ ಹೆಚ್ಚಾದರೆ ಒಂದೇ ಎಳೆತಕ್ಕೆ ಬಿಚ್ಚುವ ಹಡಗಿನ ಗಂಟು. ಆಕೆ ಎದ್ದು ಬಂದು, ಅದನ್ನೊಮ್ಮೆ ಅನುಮಾನದಿಂದ ಮುಟ್ಟಿ ನೋಡಿ, ಮೇಲೆ ತಮ್ಮದೊಂದು ಗಂಟು ಬಿಗಿದರು.