ಮುಚ್ಚಿದ ಹಂಚಿನ ಕಾರ್ಖಾನೆಯನ್ನು ಪೇಟೆ ಮಾಡುವಾಗ: ಕಾಗದ, ನೆಲ, ಮಾಡು (ಛಾವಣಿ)

ಹೊಳೆ ದಂಡೆಯಲ್ಲಿ ಪಾಳುಬಿದ್ದ ಹಂಚಿನ ಕಾರ್ಖಾನೆಯನ್ನು ಅಂಗಡಿ, ಕಚೇರಿ, ಮನೆ ಸೇರಿದ ಪೇಟೆ ಮಾಡಬೇಕೆಂದು ಬರುವವರು ಮೊದಲು ಬಿಚ್ಚುವುದು ಚಿಮಣಿಯ ಚಿತ್ರ. ಸುತ್ತ ದೀಪ, ಭಟ್ಟಿಯೊಳಗೆ ಕಾಫಿ ಅಂಗಡಿ. ಚಂದವೇ. ಆದರೆ ಕಾಸರಗೋಡಿನಲ್ಲಿ ಇಂಥ ಕೆಲಸ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ನೆಲದ ವಿಷಯಕ್ಕೆ. ನಕ್ಷೆ ಬರೆಸುವ ಮೊದಲು ಒಂದು ಮಳೆಗಾಲ ಪೂರ್ತಿ ಜಾಗ ನೋಡಲು, ದಾಖಲೆ ಹೊಂದಿಸಲು ಮೀಸಲಿಡಿ.

ದಾಖಲೆಯಿಂದಲೇ ಶುರುಮಾಡೋಣ. 1956ರ ನವೆಂಬರ್ 1ರವರೆಗೆ ಈ ಊರು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು, ಆಮೇಲೆ ಕೇರಳಕ್ಕೆ. ಮೂಲಗೇಣಿ (ಶಾಶ್ವತ ಗೇಣಿ) ಚೀಟು, ವರ್ಗ (ಪಟ್ಟಾ) ಜಾಗ, ಅದಕ್ಕೆ ತಾಗಿದ ಕುಮ್ಕಿ ಎಲ್ಲ ಹಳೆ ಕನ್ನಡ ಕಾಗದಗಳಲ್ಲಿ ಇರುತ್ತವೆ. ವಿಲ್ಲೇಜ್ ಆಫೀಸಿನ ಈಗಿನ ದಾಖಲೆ ಮಲಯಾಳದಲ್ಲಿ. ರೀಸರ್ವೆ ಆದಲ್ಲಿ ಸರ್ವೆ ನಂಬರೂ ಬೇರೆ. ಹಳೆ ನಂಬರು, ಹೊಸ ನಂಬರು, ಎಷ್ಟು ಸೆಂಟ್ಸು, ಯಾವ ಬಗೆಯ ನೆಲ ಎಂದು ಒಂದೇ ಪಟ್ಟಿ ಮಾಡಿ, ಪ್ರತಿ ಶೆಡ್ಡು ಯಾವ ನಂಬರಿನ ಮೇಲೆ ನಿಂತಿದೆ ಎಂದು ಅಳೆದು ಗುರುತು ಹಾಕಬೇಕು. ಕುಮ್ಕಿ ಸರಕಾರದ ಜಾಗ. ಸೌದೆ ಶೆಡ್ಡು ಅಲ್ಲಿಗೆ ಚಾಚಿದ್ದರೆ ಅದನ್ನು ಲೆಕ್ಕದಿಂದ ಬಿಟ್ಟೇ ಯೋಜನೆ ಹಾಕಿ.

ಮಣ್ಣು ಹದ ಮಾಡುತ್ತಿದ್ದ ಅಂಗಳ ಒಂದು ಕಾಲದಲ್ಲಿ ಗದ್ದೆಯಾಗಿದ್ದರೆ 2008ರ ಗದ್ದೆ ಮತ್ತು ಜೌಗುನೆಲ ಸಂರಕ್ಷಣಾ ಕಾಯ್ದೆಯ ಡೇಟಾ ಬ್ಯಾಂಕಿನಲ್ಲಿ (ಗದ್ದೆ, ಜೌಗುನೆಲಗಳ ಸರಕಾರಿ ಪಟ್ಟಿಯಲ್ಲಿ) ಅದರ ಹೆಸರು ಇರುವ ಸಾಧ್ಯತೆ ಉಂಟು. ತಪ್ಪಾಗಿ ಸೇರಿದ್ದರೆ ಫಾರ್ಮ್ 5ರಲ್ಲಿ ಆರ್‌ಡಿಒ (ಕಂದಾಯ ವಿಭಾಗಾಧಿಕಾರಿ) ಅಥವಾ ಅದಕ್ಕೆ ನೇಮಿಸಿದ ಡೆಪ್ಯುಟಿ ಕಲೆಕ್ಟರಿಗೆ ಅರ್ಜಿ. ಹೊಳೆಗೆ ಉಪ್ಪುನೀರು ಏರಿ ಬರುವ ಕಡೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯದ ನಿಯಮ) ಕೂಡ ಬರುತ್ತದೆ. 2019ರ ಅಧಿಸೂಚನೆಯಂತೆ ಭರತದ (ಉಬ್ಬರದ) ಗೆರೆಯಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು. ಸರಕಾರಿ ಜಾಗದಲ್ಲಿ 1,000 ಚದರ ಮೀಟರಿಗಿಂತ ಹೆಚ್ಚು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿದ್ದರೆ ಅದರ ಸುತ್ತ 50 ಮೀಟರ್ ಬೇರೆ. ಈ ಅಂತರದೊಳಗೆ ಇರುವ ಶೆಡ್ಡನ್ನು ಲಿಖಿತ ಉತ್ತರ ಕೈಗೆ ಬರುವ ಮೊದಲು ಕೆಡವಲೇಬೇಡಿ. ಕೆಡವಿದ ಮೇಲೆ ಬೇರೆ ಬಳಕೆಗೆ ಹೊಸದು ಕಟ್ಟಲು ಸಿಗುವ ಅನುಮತಿ ಇದ್ದದ್ದನ್ನು ಉಳಿಸಿಕೊಳ್ಳುವಷ್ಟು ಸಲೀಸಲ್ಲ.

ಇನ್ನು ಬಾಕಿ. ಕಾರ್ಮಿಕರ ಪಿಎಫ್ ಬಾಕಿಗೆ ಕಾರ್ಖಾನೆಯ ಆಸ್ತಿಯ ಮೇಲೆ ಮೊದಲ ಹಕ್ಕು. ಕರೆಂಟಿನ ಹಳೆ ಬಾಕಿಯನ್ನು ಜಾಗ ಕೊಂಡವರಿಂದಲೂ ವಸೂಲು ಮಾಡಲು ಅಡ್ಡಿಯಿಲ್ಲ ಎಂದು ಸುಪ್ರೀಂ ಕೋರ್ಟು 2023ರಲ್ಲಿ ಕೇರಳ ವಿದ್ಯುತ್ ಮಂಡಳಿಯ ಪ್ರಕರಣದಲ್ಲೇ ಹೇಳಿದೆ. ಕರಾರಿಗೆ ಸಹಿ ಹಾಕುವ ಮೊದಲು ಎರಡಕ್ಕೂ ಲಿಖಿತ ಲೆಕ್ಕ ಕೇಳಿ. ಜಾಗ ದೊಡ್ಡದಾಗಿದ್ದರೆ ಇನ್ನೊಂದು ಪ್ರಶ್ನೆ: ಭೂಸುಧಾರಣಾ ಕಾಯ್ದೆಯ 81ನೇ ಸೆಕ್ಷನಿನಲ್ಲಿ ಕೈಗಾರಿಕೆಯ ನೆಲವೆಂದು, ಒಬ್ಬರ ಬಳಿ ಇರಬಹುದಾದ ನೆಲದ ಮಿತಿಯಿಂದ ಹೊರಗುಳಿದದ್ದೋ ಎಂದು. ಆಗಿದ್ದರೆ ಬಳಕೆ ಬದಲಾದಾಗ ಮಿತಿಯ ಲೆಕ್ಕ ಮತ್ತೆ ಏಳುತ್ತದೆ. ವಕೀಲರಿಗೆ ಮೊದಲ ದಿನವೇ ಕೇಳುವ ವಿಷಯ.

ಈಗ ಮಣ್ಣು. ಹಂಚಿನ ಕಾರ್ಖಾನೆಯ ಅಂಗಳ ಬಹುಪಾಲು ಒಡೆದ ಹಂಚು ತುಂಬಿಸಿ ಎತ್ತರಿಸಿದ್ದು. ಎಸ್‌ಪಿಟಿ ಪರೀಕ್ಷೆಯ (ಕೊಳವೆ ಬಡಿದಿಳಿಸಿ ನೆಲದ ಗಟ್ಟಿತನ ಅಳೆಯುವ ಪರೀಕ್ಷೆ) ಕೊಳವೆ ಆ ಚೂರಿನ ಪದರಕ್ಕೆ ತಾಗಿ ಇಳಿಯದೆ ನಿಂತರೆ ವರದಿಯಲ್ಲಿ ಗಟ್ಟಿ ನೆಲವೆಂದು ಬರುತ್ತದೆ. ಅದರಡಿಯಲ್ಲಿ ಹೊಳೆಯ ಮೆತ್ತನೆ ಜೇಡಿ ಇದ್ದರೂ. ಬೋರು ಹಾಕಿದ ಕಡೆಯೇ ಜೆಸಿಬಿಯಿಂದ ಮೂರು ಮೀಟರ್ ಗುಂಡಿ ತೋಡಿಸಿ ಕಣ್ಣಾರೆ ನೋಡಿ, ಚೂರಿನ ಪದರ ದಾಟಿ ಬೋರು ಇಳಿಸಿ. ಜೇಡಿ ತೆಗೆದ ಹಳೆ ಹೊಂಡಗಳು ಎಲ್ಲಿದ್ದವೆಂದು ಅಲ್ಲಿ ದುಡಿದವರಿಗೆ ಗೊತ್ತಿರುತ್ತದೆ, ಕೇಳಿ. ಅದರ ಮೇಲೆ ಕಟ್ಟುವ ಆಸೆ ಬಿಟ್ಟು ಮಳೆನೀರಿನ ಕೆರೆಯಾಗಿ ಇಟ್ಟುಕೊಳ್ಳುವುದು ಲಾಭ. ಇಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಗಂಟೆಗೆ 60 ಮಿಲಿಮೀಟರ್ ಸುರಿದರೆ 1,000 ಚದರ ಮೀಟರ್ ಮಾಡಿನಿಂದ 60,000 ಲೀಟರ್ ಇಳಿಯುತ್ತದೆ. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿದಿರೋ, ಅಷ್ಟೂ ನೀರು ಅಂಗಡಿಯೊಳಗೆ.

ಪ್ರೆಸ್ ಯಂತ್ರ ಇದ್ದ ಜಾಗದ ಎಣ್ಣೆ ಕುಡಿದ ಕಪ್ಪು ಮಣ್ಣನ್ನು ಬೇರೆ ತೆಗೆದು ಪರೀಕ್ಷೆಗೆ ಕಳಿಸಿ. ಕಲ್ನಾರಿನ ಶೀಟನ್ನು ಒಡೆಯದೆ, ನೀರು ಹಾಯಿಸುತ್ತ ಬಿಚ್ಚಿ, ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಡಬೇಕು. ಅದು ಅಪಾಯಕಾರಿ ಕಸದ ಪಟ್ಟಿಯಲ್ಲಿದೆ, ಗುಜರಿಗೆ ಹಾಕುವಂತಿಲ್ಲ.

ಇಷ್ಟಾದ ಮೇಲೆ ಕಟ್ಟಡ. ಅದರಲ್ಲಿ ಮಾಡೇ ಮೊದಲು, ಯಾಕೆಂದರೆ ಮಾಡು ಸೋರುತ್ತಿದ್ದರೆ ಒಳಗಿನ ಯಾವ ರಿಪೇರಿಯೂ ನಿಲ್ಲದು. ಹಂಚು ಇಳಿಸುವಾಗ ಹಿಂಬದಿಯ ಮುದ್ರೆ ನೋಡಿ ಕಾರ್ಖಾನೆವಾರು ಬೇರೆ ಬೇರೆ ಅಟ್ಟಿ ಮಾಡಿ. ಒಂದೊಂದು ಕಾರ್ಖಾನೆಯ ಹಂಚಿನ ಉದ್ದ ಒಂದೊಂದು, ಹಾಗಾಗಿ ರೀಪಿನ ಅಂತರವೂ ಬೇರೆ. ಒಂದೇ ಇಳಿಜಾರಿನಲ್ಲಿ ಎರಡು ಮುದ್ರೆ ಬೆರೆತರೆ ತುಟಿ ಕೂರದೆ ಗಾಳಿಮಳೆಗೆ ನೀರು ಒಳಗೆ ಬರುತ್ತದೆ. ಪ್ರತಿ ಹಂಚನ್ನೂ ಒಂದು ಮೂಲೆಯಲ್ಲಿ ನೇತಾಡುವಂತೆ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ. ಠಣ್ ಎಂದರೆ ಮೇಲೆ ಹೋಗಲಿ, ಟಪ್ ಎಂದರೆ ಕಣ್ಣಿಗೆ ಕಾಣದ ಬಿರುಕಿದೆ. ಚದರ ಮೀಟರಿಗೆ ಸುಮಾರು 16 ಹಂಚು, ಒಣಗಿದ್ದಾಗಲೇ 40 ಕಿಲೊ ಆಸುಪಾಸು. ನೆನೆದರೆ ಇನ್ನೂ ಹೆಚ್ಚು. ಪಕ್ಕಾಸಿನ ಲೆಕ್ಕ ನೆನೆದ ತೂಕಕ್ಕೆ ಹಾಕಿ. ಒರಲೆ ಹಿಡಿಯುವುದು ಮರದ ತುದಿ ಗೋಡೆಯೊಳಗೆ ಹೂತ ಕಡೆ, ಅಲ್ಲಿ ಉಳಿ ಚುಚ್ಚಿ ನೋಡದೆ ಪಾಲಿಶ್‌ ಮಾಡಿಸಬೇಡಿ.

ಮುರಕಲ್ಲಿನ ಗೋಡೆಗೆ ಸಿಮೆಂಟು ಗಾರೆ ಬಳಿಯುವುದು ಇಲ್ಲಿ ಅತಿ ಹೆಚ್ಚು ಕಾಣುವ ಎಡವಟ್ಟು. ಕಲ್ಲು ನೆಲದಿಂದ ನೀರು ಎಳೆಯುತ್ತದೆ, ಗಾರೆ ಅದನ್ನು ಹೊರಗೆ ಬಿಡುವುದಿಲ್ಲ, ಉಪ್ಪು ಒಳಗೇ ಹರಳುಗಟ್ಟಿ ಕಲ್ಲಿನ ಮುಖ ಹುಡಿಯಾಗುತ್ತದೆ. ಗಾರೆ ಮಾತ್ರ ಗಟ್ಟಿಯಾಗಿ ನಿಂತಿರುವುದರಿಂದ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಚಿಪ್ಪಿ ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲಿ ಕೊಳೆಹಾಕಿ, ಒಂದು ಪಾಲು ಸುಣ್ಣ, ಒಂದು ಪಾಲು ಸುರ್ಕಿ (ಹಂಚು, ಇಟ್ಟಿಗೆ ಚೂರಿನ ಪುಡಿ), ಎರಡು ಪಾಲು ಉಪ್ಪಿಲ್ಲದ ಮರಳಿನಿಂದ ಶುರುಮಾಡಿ, ಗೋಡೆಯ ಒಂದು ತುಂಡಿನಲ್ಲಿ ಮಳೆಗಾಲ ಕಳೆದು ನೋಡಿ. ಸುರ್ಕಿಗೆ ಬೇಕಾದದ್ದು ಅಂಗಳದಲ್ಲೇ ಬಿದ್ದಿದೆ. ಆದರೆ ಹೆಕ್ಕುವಾಗ ತಿಳಿ ಬಣ್ಣದ, ಅರೆಬೆಂದ ಚೂರನ್ನೇ ಹೆಕ್ಕಬೇಕು. ಕಡುಗಪ್ಪಾಗಿ ಬೆಂದ ಚೂರಿನ ಪುಡಿ ಸುಣ್ಣದ ಜೊತೆ ಬೆಸೆಯದು. ಅದು ರಸ್ತೆಗೆ ತುಂಬಿಸಲು ಸರಿ.

ಭಟ್ಟಿಯ ಕಮಾನುಗಳು ಒಂದಕ್ಕೊಂದು ಒರಗಿ ನಿಂತಿರುತ್ತವೆ. ಬಾಗಿಲು ಅಗಲಿಸಲೆಂದು ಕೊನೆಯ ದಪ್ಪ ಗೋಡೆ ಕಡಿದರೆ ಪಕ್ಕದ ಕಮಾನು ಬಾಯಿ ಬಿಡುತ್ತದೆ. ಚಿಮಣಿಯ ಅಶ್ವತ್ಥದ ಬೇರನ್ನು ಎಳೆದು ಕೀಳಬೇಡಿ, ಇಟ್ಟಿಗೆಯೂ ಬರುತ್ತದೆ; ಕಡಿದು, ಬೇರಿಗೆ ಮದ್ದು ಕೊಟ್ಟು, ಒಣಗಿದ ಮೇಲೆ ಸಂದು ತುಂಬಿಸಿ. ತುಕ್ಕು ಹಿಡಿದ ಕಬ್ಬಿಣದ ಪಟ್ಟಿಗಳನ್ನು ಒಂದೊಂದಾಗಿ ಬದಲಿಸಬೇಕು, ಒಟ್ಟಿಗೇ ಬಿಚ್ಚಿದರೆ ಇಟ್ಟಿಗೆಗೆ ಹಿಡಿತವಿಲ್ಲ. ಸಿಡಿಲಿನ ತಂತಿ ಹೊಸದೇ ಇರಲಿ.

ಹಂಚು ಒಣಗಿಸುತ್ತಿದ್ದ ಮರದ ಮಹಡಿಯ ಮೇಲೆ ಅಂಗಡಿ ಇಡುವ ಯೋಚನೆ ಎಲ್ಲರಿಗೂ ಬರುತ್ತದೆ. ಲೆಕ್ಕ ಹೀಗಿದೆ: ಚದರ ಮೀಟರಿಗೆ ಮನೆಗೆ ಸುಮಾರು 200 ಕಿಲೊ, ಅಂಗಡಿಗೆ 400, ಕುರ್ಚಿಗಳನ್ನು ನೆಲಕ್ಕೆ ಬಿಗಿಯದ ಸಭಾಂಗಣಕ್ಕೆ 500 ಹೊರುವಂತಿರಬೇಕು. ಹಳೆ ಗೋಡೆಗೆ ತಾಗದಂತೆ ಒಳಗೇ ತನ್ನ ಪಾಯದ ಮೇಲೆ ನಿಲ್ಲುವ ಉಕ್ಕಿನ ಚೌಕಟ್ಟು ಹಾಕಿದರೆ ಗೋಡೆಯೂ ಉಳಿಯುತ್ತದೆ. ಕಟ್ಟಡ ಪರವಾನಗಿಯಲ್ಲಿ ಬಳಕೆಗೆ ತಕ್ಕಂತೆ ಗುಂಪುಗಳಿವೆ: ಕಾರ್ಖಾನೆ ಜಿ ಗುಂಪು. ಮನೆ ಎ1, ಕಚೇರಿ ಇ, ಅಂಗಡಿ ಎಫ್. ಒಂದೊಂದರ ಶೌಚಾಲಯ, ಪಾರ್ಕಿಂಗ್, ಬೆಂಕಿಯ ಷರತ್ತು ಬೇರೆ. ಮನೆಗಳಿಗೆ ಅಂಗಡಿಯೊಳಗಿಂದ ಹೋಗದ ಪ್ರತ್ಯೇಕ ಮೆಟ್ಟಿಲು ಇಡಿ, ಮತ್ತು ಯಕ್ಷಗಾನದ ಅಭ್ಯಾಸಕ್ಕೆ ಕೊಡುವ ಹಾಲನ್ನು ಮನೆಗಳಿಂದ ದೂರದ ಹೊಳೆ ಬದಿಗೆ ಇಡಿ. ಚೆಂಡೆಯ ಮೇಲೆ ಪ್ರೀತಿ ಇದ್ದವರೂ ರಾತ್ರಿ ಹನ್ನೊಂದಕ್ಕೆ ದೂರು ಕೊಡುತ್ತಾರೆ.

ಊರಿಗೆ ಬಿಡುವ ಜಾಗವನ್ನು ಒಟ್ಟು ವಿಸ್ತೀರ್ಣದ ಪಾಲಾಗಿಯೇ ಬರೆಸಿ. ಮುಂಬೈ ಗಿರಣಿಗಳ 1991ರ ನಿಯಮದಲ್ಲಿ ನಗರಕ್ಕೆ ಮೂರನೆಯ ಒಂದು ಪಾಲು, ಸರಕಾರಿ ವಸತಿಗೆ ಇನ್ನೊಂದು ಎಂದಿತ್ತು. 2001ರಲ್ಲಿ ಅದು ಖಾಲಿ ಜಾಗಕ್ಕೆ ಮಾತ್ರ ಎಂದಾಯಿತು. ಊರಿಗೆ ದಕ್ಕುವುದು ಚೂರುಪಾರಾಯಿತು. ಅಹವಾಲು ಕೇಳುವ ಸಭೆಯ ನೋಟಿಸನ್ನು ಕನ್ನಡ, ಮಲಯಾಳ ಎರಡರಲ್ಲೂ ಅಂಟಿಸಿ. ಇಲ್ಲದಿದ್ದರೆ ಪಕ್ಕದ ಜಾಗದ ಹಿರಿಯರಿಗೆ ಸಂಗತಿ ತಿಳಿಯುವುದು ಕೆಲಸ ಶುರುವಾದ ಮೇಲೆ, ಆಗ ಬರುವುದು ಕೋರ್ಟಿನ ತಡೆ.

ಬಾಡಿಗೆ ಕರಾರಿನಲ್ಲಿ ಮರೆಯುವ ಒಂದು ಕಲಮು: ಪ್ರತಿ ವರ್ಷ ಮೇ ತಿಂಗಳೊಳಗೆ ಹಂಚು ಕೈಯಾಡಿಸಿ, ಮಾಡಿನ ನೀರು ಹರಿಯುವ ದಂಬೆಯ ಕಸ ತೆಗೆಸುವ ಖರ್ಚು ಯಾರದ್ದು? ಮಾಡು ಎಲ್ಲರ ಮೇಲೂ ಒಂದೇ ಆದ್ದರಿಂದ ತಿಂಗಳ ಬಾಡಿಗೆಯ ಜೊತೆಗೇ ಚದರಡಿ ಲೆಕ್ಕದಲ್ಲಿ ವಸೂಲು ಮಾಡಿ, ಬೇರೆ ಖಾತೆಯಲ್ಲಿ ಇಡಿ. ಖಾಲಿ ಬಿದ್ದ ಅಂಗಡಿಯ ಪಾಲನ್ನು ಮಾಲೀಕರೇ ಕಟ್ಟಬೇಕೆಂದೂ ಬರೆಸಿ.