ಬಣ್ಣಕ್ಕಿಂತ ಮೊದಲು ತೊಳೆಯೋ ಕೆಲಸ

ಬೋನೆಟ್ ಮುಚ್ಚಿದ ಮೇಲೆ ಯಾರಿಗೂ ಕಾಣದ ಎಂಜಿನ್‌ಗೆ ಬಣ್ಣ ಯಾಕೆ ಅಂತ ಮನೆಯಲ್ಲಿ ಎಲ್ಲರೂ ಕೇಳಿದರು. ತುಕ್ಕು ಹಿಡಿಯಬಾರದು, ಅದೊಂದು ಕಾರಣ. ಅದಕ್ಕಿಂತ ಮುಖ್ಯ, ಆಯಿಲ್ ಎಲ್ಲಿಂದ ಸೋರುತ್ತಿದೆ ಅಂತ ಥಟ್ಟನೆ ಕಣ್ಣಿಗೆ ಬೀಳಬೇಕು. ಕಪ್ಪು ಜಿಡ್ಡು ಮೆತ್ತಿಕೊಂಡ ಬ್ಲಾಕ್‌ನಲ್ಲಿ, ಅಂದರೆ ಎಂಜಿನ್ನಿನ ಮುಖ್ಯ ಒಡಲಿನಲ್ಲಿ, ಹೊಸ ಸೋರಿಕೆ ಯಾವುದು, ಹಳೇದು ಯಾವುದು ಅಂತ ಹೇಳೋಕೇ ಆಗಲ್ಲ.

ಗಾಡಿ ಅಪ್ಪನ ಪ್ರೀಮಿಯರ್ ಪದ್ಮಿನಿ. ಅದರ 1089 ಸಿಸಿ ಎಂಜಿನ್ ಆಯಿಲ್ ಕುಡಿಯೋಕೆ, ನೀಲಿ ಹೊಗೆ ಬಿಡೋಕೆ ಶುರು ಮಾಡಿದ ಮೇಲೆ ಪೂರ್ತಿ ಬಿಚ್ಚಿಸಿದ್ದೆವು. ಕಂಪನಿಯಿಂದ ಬಂದಾಗ 68 ಮಿ.ಮೀ. ಇದ್ದ ಬೋರ್, ಅಂದರೆ ಪಿಸ್ಟನ್ ಓಡಾಡೋ ಸಿಲಿಂಡರಿನ ಒಳಗಿನ ಅಗಲ, ಸವೆದು ಹೆಚ್ಚಾಗಿತ್ತು. ಲೇತ್ ಅಂಗಡಿಯಲ್ಲಿ ಬೋರ್ ಕೊರೆಸಿ ಸ್ವಲ್ಪ ದೊಡ್ಡದು ಮಾಡಿಸಿ, ಅದಕ್ಕೆ ಸರಿಯಾದ ಓವರ್‌ಸೈಜ್ ಪಿಸ್ಟನ್ ತರಿಸಿದೆವು. ಆ ಕೆಲಸ ಎಲ್ಲ ಮುಗಿದ ಮೇಲೇ ಬಣ್ಣಕ್ಕೆ ಕೈ ಹಾಕಬೇಕು. ಮೊದಲೇ ಬಳಿದಿಟ್ಟರೆ ಲೇತ್‌ನವರು ಕಾಸ್ಟಿಕ್ ನೀರಿನಲ್ಲಿ ಮುಳುಗಿಸಿದಾಗ ಎಲ್ಲಾ ಕಿತ್ತು ಬರುತ್ತದೆ. ಅಂದ ಹಾಗೆ, ಪದ್ಮಿನಿಯ ಬ್ಲಾಕ್ ಬೀಡು (ಎರಕದ ಕಬ್ಬಿಣ), ಅದರ ಮೇಲೆ ಮುಚ್ಚಳದ ಹಾಗೆ ಕೂರೋ ಹೆಡ್ ಅಲ್ಯೂಮಿನಿಯಂ. ಹೆಡ್ಡನ್ನು ಆ ಕಾಸ್ಟಿಕ್‌ಗೆ ಹಾಕಲೇಬಾರದು, ಅಲ್ಯೂಮಿನಿಯಂ ತಿಂದುಬಿಡುತ್ತದೆ.

ಬಳ್ಳಾರಿಯ ಕೌಲ್ ಬಜಾರ್ ಕಡೆ ನಮಗೆ ಗೊತ್ತಿರೋ ಒಬ್ಬ ಮೆಕ್ಯಾನಿಕ್ ಚಾಚಾ ಇದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಗಣಿಗಾರಿಕೆ ನಿಲ್ಲಿಸೋ ತನಕ ಅದಿರು ಲಾರಿಗಳ ಎಂಜಿನ್ ಬಿಟ್ಟರೆ ಬೇರೆ ಗಾಡಿ ಮುಟ್ಟೋಕೆ ಅವರಿಗೆ ಪುರುಸೊತ್ತೇ ಇರಲಿಲ್ಲವಂತೆ. ನಾನು ಬಣ್ಣದ ಡಬ್ಬಿ ಹಿಡಿದುಕೊಂಡು ಹೋದರೆ ಅದರ ಕಡೆ ನೋಡಲೇ ಇಲ್ಲ. "ಬಣ್ಣ ಆಮ್ಯಾಲೆ, ಮೊದ್ಲು ತೊಳಿಯಪ್ಪ" ಅಂದರು.

ತೊಳೆಯೋದೇ ದೊಡ್ಡ ಕೆಲಸ. ಸೀಮೆಎಣ್ಣೆ, ವೈರ್ ಬ್ರಷ್, ಆಮೇಲೆ ಸೋಪಿನ ಬಿಸಿನೀರು. ಇಷ್ಟಾದರೂ ಬೀಡಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಆಯಿಲ್ ಉಳಿದಿರುತ್ತದೆ. ಇಲ್ಲಿ ನಮ್ಮ ಬಳ್ಳಾರಿಯ ಬಿಸಿಲು ಉಪಕಾರ ಮಾಡಿತು. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಬ್ಲಾಕ್ ಇಟ್ಟು ಸ್ವಲ್ಪ ಹೊತ್ತು ಬಿಟ್ಟರೆ, ಒಣಗಿದಂತೆ ಕಾಣುತ್ತಿದ್ದ ಮೈ ಅಲ್ಲಲ್ಲಿ ಬೆವರಿದ ಹಾಗೆ ಜಿಡ್ಡು ಬಿಡುತ್ತದೆ. ಒರೆಸೋದು, ಮತ್ತೆ ತೊಳೆಯೋದು, ಮತ್ತೆ ಬಿಸಿಲಿಗೆ ಇಡೋದು. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬಿಳಿಯಾಗೇ ಉಳಿಯೋವರೆಗೂ ಚಾಚಾ ಬಿಡಲಿಲ್ಲ.

ಇದರಲ್ಲಿ ಒಂದು ಇಕ್ಕಟ್ಟಿದೆ. ಹೊಸದಾಗಿ ಬೋರ್ ಮಾಡಿದ ಸಿಲಿಂಡರ್ ಗೋಡೆಗೆ ನೀರು ತಾಗಿದರೆ ನೋಡನೋಡುತ್ತಲೇ ಕಂದು ಬಣ್ಣದ ತುಕ್ಕು ಬರುತ್ತದೆ, ಹಾಗಾಗಿ ಒಣಗಿಸಿದ ತಕ್ಷಣ ಅಲ್ಲಿಗೆ ಆಯಿಲ್ ಸವರಲೇಬೇಕು, ಆದರೆ ಅದೇ ಆಯಿಲಿನ ಒಂದು ಹನಿ ಹೊರಗಿನ ಮೈಗೆ ಬಿದ್ದರೂ ಅಲ್ಲಿ ಬಣ್ಣ ಕೂರುವುದಿಲ್ಲ. ಬಟ್ಟೆಯಲ್ಲಿ ತೆಳುವಾಗಿ ಆಯಿಲ್ ಸವರಿ, ಬೋರ್ ಬಾಯಿಗಳನ್ನು ರಟ್ಟು, ಟೇಪಿನಿಂದ ಮುಚ್ಚಿ, ಹೊರಗಿನ ಮೈಯನ್ನು ಕೊನೆಗೊಮ್ಮೆ ಥಿನ್ನರ್‌ನಲ್ಲಿ ಒರೆಸಿದೆವು.

ಟೇಪ್ ಅಂಟಿಸೋಕೆ ಹಿಡಿದ ಸಮಯ ಬಣ್ಣ ಹೊಡೆಯೋಕೆ ಹಿಡಿಯಲಿಲ್ಲ. ಹೆಡ್ ಕೂರೋ ಮೇಲ್ಮೈ, ಕೆಳಗಿನ ಆಯಿಲ್ ತೊಟ್ಟಿ (ಸಂಪ್) ಕೂರೋ ಅಂಚು, ಬೋಲ್ಟ್ ತೂತುಗಳು, ಆಯಿಲ್ ದಾರಿಗಳು, ಅರ್ತ್ ವೈರ್ ಕೂರೋ ಜಾಗ. ಎರಡು ಭಾಗಗಳ ನಡುವೆ ಸೋರದಂತೆ ಹಾಕೋ ಪ್ಯಾಕಿಂಗ್ ಕೆಳಗೆ ಬಣ್ಣ ಸಿಕ್ಕಿಕೊಂಡರೆ ಮುಂದೆ ಸೋರಿಕೆ ಗ್ಯಾರಂಟಿ. ಅರ್ತ್ ಕೆಳಗೆ ಬಣ್ಣ ಇದ್ದರೆ ಸ್ಟಾರ್ಟರ್ ಸರಿಯಾಗಿ ಎಳೆಯಲ್ಲ. ಎಂಜಿನ್ ನಂಬರ್ ಕೊರೆದ ಜಾಗವನ್ನೂ ಮುಚ್ಚಿದೆ. ಹಳೇ ಗಾಡಿಯ ಆರ್‌ಸಿ ನವೀಕರಣಕ್ಕೆ ಹೋದಾಗ ಆ ನಂಬರ್ ಓದೋಕೆ ಬರಬೇಕು ಅಲ್ವಾ? ದಪ್ಪ ಬಣ್ಣದಡಿ ಅದು ಹೂತುಹೋದರೆ ಕಷ್ಟ.

ಬಣ್ಣ ಹೊಡೆದಿದ್ದು ಬೆಳಗಿನ ಜಾವ. ಹೊತ್ತೇರಿದರೆ ಹನಿ ಲೋಹ ಮುಟ್ಟುವ ಮುಂಚೆಯೇ ಗಾಳಿಯಲ್ಲಿ ಅರ್ಧ ಒಣಗಿ, ಮೈ ಮರಳಿನ ಕಾಗದದಂತೆ ತರಿತರಿಯಾಗುತ್ತದೆ. ರಸ್ತೆಯಲ್ಲಿ ಲಾರಿ ಓಡಾಟ ಶುರುವಾದರೆ ಕೆಂಪು ಧೂಳು ಬೇರೆ. ಶಟರ್ ಅರ್ಧ ಇಳಿಸಿ, ನೆಲಕ್ಕೆ ನೀರು ಚಿಮುಕಿಸಿ, ಮೊದಲು ಪ್ರೈಮರ್, ಆಮೇಲೆ ಶಾಖ ತಡೆಯೋ ಎಂಜಿನ್ ಎನಾಮಲ್ ತೆಳುತೆಳುವಾಗಿ ಪದರ ಪದರ ಹೊಡೆದೆವು. ಒಂದೇ ಸಲ ದಪ್ಪಗೆ ಹೊಡೆದರೆ ಇಳಿಯುತ್ತದೆ, ಮುಂದೆ ಶಾಖಕ್ಕೆ ಸಿಪ್ಪೆ ಏಳುತ್ತದೆ. ಬಿಸಿ ಹೊಗೆ ಹೊರಗೆ ಹೋಗೋ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಡೆ ಈ ಬಣ್ಣ ತರಲೇ ಇಲ್ಲ, ಅಲ್ಲಿನ ಬಿಸಿಗೆ ಅದು ಸುಟ್ಟೇ ಹೋಗುತ್ತದೆ. ಅಲ್ಯೂಮಿನಿಯಂ ಹೆಡ್ ಹಾಗೇ ಬಿಟ್ಟೆವು, ಅದರ ಬೆಳ್ಳಿ ಬಣ್ಣವೇ ಚೆಂದ.

ಗ್ಯಾರೇಜಿನ ಹುಡುಗರಿಗೆ ಕೆಂಪು ಬೇಕಿತ್ತು. ನಾನು ತಿಳಿ ಬೂದು ಬಣ್ಣಕ್ಕೇ ಗಟ್ಟಿಯಾಗಿ ನಿಂತೆ. ಎಂಜಿನ್ ಜೋಡಿಸಿ ಸ್ಟಾರ್ಟ್ ಮಾಡಿದಾಗ ಹೊಸ ಬಣ್ಣದ ವಾಸನೆ, ಸ್ವಲ್ಪ ಹೊಗೆ ಬಂತು, ಅದು ಸಹಜ. ತೋರಣಗಲ್ಲಿಗೆ ಹೋಗಿ ಬಂದು ಬೋನೆಟ್ ಎತ್ತಿದರೆ, ಪೆಟ್ರೋಲ್ ಪಂಪ್ ಬ್ಲಾಕಿಗೆ ಕೂರೋ ಜಾಗದ ಕೆಳಗೆ ಕೂದಲೆಳೆಯಷ್ಟು ತೆಳು ಕಂದು ಗೆರೆ. ಹಳೇ ಬ್ಲಾಕ್ ಆಗಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ಚಾಚಾ ಬೆರಳಲ್ಲಿ ಒರೆಸಿ ನೋಡಿ, ಪಂಪಿನ ಪ್ಯಾಕಿಂಗ್ ಬದಲಾಯಿಸಿದರು. ಆ ಜಾಗ ಇವತ್ತಿಗೂ ಒಣಗೇ ಇದೆ.